ಅಂಗಳಕ್ಕೆ ಯಾವ ಮರ, ಸೈಮಿ?

ಸೈಮಿ ಹುಕ್ಕನೆನ್‌ಗೆ ಜನ ಮೂವತ್ತೈದು ವರ್ಷ ಒಂದೇ ಪ್ರಶ್ನೆ ಕೇಳಿದರು. ಆಲೂಗಡ್ಡೆಗೆ ಯಾವ ಗೊಬ್ಬರ, ಸೇಬಿನ ಗಿಡಕ್ಕೆ ಮೊಲ ಬಾಯಿ ಹಾಕದ ಹಾಗೆ ಏನು ಸುತ್ತಬೇಕು ಅಂತಲೂ ಕೇಳುತ್ತಿದ್ದರು, ನಿಜ. ಆದರೆ ಅವೆಲ್ಲ ಕಾಫಿಯಾದ ಮೇಲಿನ ಮಾತು. ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿ, ಅದಕ್ಕೆ ಕಟ್ಟಿದ್ದ ಸನಿಕೆಯ ಹಗ್ಗ ಬಿಚ್ಚುವ ಮೊದಲೇ ಮನೆಯಾಕೆ ಹೊಸ್ತಿಲ ಮೇಲೆ ನಿಂತು ಕೇಳುತ್ತಿದ್ದದ್ದು ಇದನ್ನೇ: "ಅಂಗಳಕ್ಕೆ ಯಾವ ಮರ ಹಾಕ್ಲಿ ಸೈಮಿ? ಬರ್ಚೋ, ಪೈನೋ?"

ಫಿನ್ಲೆಂಡಿನ ಸಾವೊ ನಾಡಿನಲ್ಲಿ ವೆಹ್ಕಲಂಪಿ ಎನ್ನುವ ಹೋಬಳಿ. ಅಲ್ಲಿನ ಕೃಷಿ ಸಂಘಕ್ಕೆ ತೋಟಗಾರಿಕೆಯ ಸಲಹೆಗಾರ್ತಿಯಾಗಿ ಅವಳು ಬಂದದ್ದು ಸಾವಿರದ ಒಂಬೈನೂರ ನಲವತ್ತಾರರ ವಸಂತದಲ್ಲಿ. ಆಗ ಅವಳಿಗೆ ಇಪ್ಪತ್ತೈದು. ಯುದ್ಧ ಮುಗಿದಿತ್ತು. ಮೂಡಲ ಗಡಿಯ ಕರೇಲಿಯ ಸೀಮೆ ಶತ್ರುದೇಶದ ಪಾಲಾಗಿ, ಅಲ್ಲಿಯ ಜನ ಗಾಡಿಗಳಲ್ಲಿ, ರೈಲಿನ ದನದ ಡಬ್ಬಿಗಳಲ್ಲಿ ಇತ್ತ ಬಂದಿದ್ದರು. ಅವರಿಗೆಂದು ಸರ್ಕಾರ ಕಾಡು ಕಡಿಸಿ ಜಾಗ ಕೊಟ್ಟಿತು. ಹೊಸ ಮನೆಗಳೆಲ್ಲ ಒಂದೇ ಅಚ್ಚಿನವು, ಹಸಿ ಹಲಗೆಯ ವಾಸನೆಯವು. ಮನೆಯ ಸುತ್ತ ಕೆಸರು, ಕೆಸರಿನ ತುಂಬ ಕಡಿದ ಮರಗಳ ಬೊಡ್ಡೆ. ಅಂಥ ಒಂದೊಂದು ಅಂಗಳಕ್ಕೂ ಕಾಗದದ ಮೇಲೆ ನಕ್ಷೆ ಬರೆದು ಕೊಡುವುದು ಸೈಮಿಯ ಕೆಲಸ. ಬಾವಿ ಇಲ್ಲಿ, ಕರಂಟ್ ಹಣ್ಣಿನ ಪೊದೆ ಅಲ್ಲಿ, ಸೇಬು ದಕ್ಷಿಣಕ್ಕೆ, ಅಂಗಳದ ಮರ ಇಲ್ಲಿ ಅಂತ ಒಂದು ಸೊನ್ನೆ.

ಆ ಸೊನ್ನೆಯೊಳಗೆ ಏನು ಅನ್ನುವುದೇ ಜಗಳ: ಬಿಳಿ ತೊಗಟೆಯ, ಚಳಿಗೆ ಎಲೆ ಉದುರಿಸುವ ಬರ್ಚೋ, ವರ್ಷವಿಡೀ ಹಸಿರಿರುವ ಸೂಜಿಯೆಲೆಯ ಪೈನೋ. ಸಾವೊದ ಜನ ಇಂಥಾದ್ದನ್ನು ಸುಲಭಕ್ಕೆ ತೀರ್ಮಾನಿಸುವವರಲ್ಲ. ಗಂಡ ಒಂದು ಹೇಳಿದರೆ ಹೆಂಡತಿ ಇನ್ನೊಂದು. ಅಜ್ಜಿ ಒಲೆಯ ಪಕ್ಕದಿಂದ ಮೂರನೆಯದು.

ಸೈಮಿಗೆ ಉತ್ತರ ಬಾಯಿಪಾಠವಾಗಿತ್ತು. ಅವಳಪ್ಪ ವೆರ್ನೆರಿ ರೈಲ್ವೆಯ ತೋಟಗಾರ. ಪುಟ್ಟ ಜಂಕ್ಷನ್ನಿನ ಪ್ಲಾಟ್‌ಫಾರಂ ಹಿಂದಿನ ಉದ್ಯಾನ ಅವನ ಸುಪರ್ದಿನಲ್ಲಿತ್ತು. ರೈಲಿಗೆ ಕಾಯುವ ಜನ ತನ್ನ ಮರಗಳ ಕೆಳಗೆ ಕೂತು ಬ್ರೆಡ್ಡು ಬಿಚ್ಚುವುದನ್ನು ನೋಡಿದರೆ ಅವನಿಗೆ ಆ ದಿನದ ಕೂಲಿ ಸಂದಂತೆ. ಸೈಮಿಗೆ ಹತ್ತು ವರ್ಷವಾದಾಗ ಅವಳ ಕೈಗೆ ಚಿಕ್ಕ ಸನಿಕೆ ಕೊಟ್ಟು, ಎರಡು ಸಸಿಗಳ ಮುಂದೆ ಕೂರಿಸಿದ್ದ.

"ಇದರ ಬೇರು ನೋಡು," ಅಂದಿದ್ದ ಬರ್ಚ್ ತೋರಿಸಿ. "ಚಾಪೆ ಹಾಸಿದ ಹಾಗೆ ಮೇಲ್ಮೇಲೆ ಹೋಗತ್ತೆ. ಸುತ್ತ ಇರೋ ನೀರೆಲ್ಲ ಇದೇ ಕುಡಿಯೋದು. ಬಾವಿ, ಚರಂಡಿ, ತರಕಾರಿ ಮಡಿ, ಯಾವುದರ ಹತ್ರಾನೂ ಹಾಕಬಾರದು. ಮನೆ ಗೋಡೆಯಿಂದ ಆರು ಮೀಟರ್ ದೂರ. ವಸಂತದಲ್ಲಿ ಎಲೆ ಇಲಿಕಿವಿಯಷ್ಟು ಬಂದಾಗ ನೆಡು, ಬದುಕತ್ತೆ. ಆದರೆ ಆಗ ಕತ್ತರಿ ಹಾಕಿದ್ಯೋ, ರಸ ಸುರಿಸಿಕೊಂಡು ಸೊರಗತ್ತೆ. ಕೊಂಬೆ ಕಡಿಯೋದಿದ್ರೆ ಜುಲೈ ಕಳೀಲಿ."

ಆಮೇಲೆ ಪೈನ್ ಕಡೆ ತಿರುಗಿ ದನಿ ತಗ್ಗಿಸಿದ, ಆ ಗಿಡಕ್ಕೆ ಕೇಳಿಸೀತು ಎನ್ನುವಂತೆ. "ಇದು ಹಾಗಲ್ಲ. ಬೇರು ಕೆಳಗಿಳಿಯತ್ತೆ. ಮರಳುನೆಲ, ಬಿಸಿಲು, ಇಷ್ಟೇ ಸಾಕು. ಗೊಬ್ಬರ ಗಿಬ್ಬರ ಬೇಡ. ಆದರೆ ಒಂದು ಸಲ ಬೇರೂರಿದ ಮೇಲೆ ಕಿತ್ತು ಬೇರೆ ಕಡೆ ಇಟ್ರೆ ಸಾಯತ್ತೆ. ಮೊಣಕಾಲುದ್ದ ಇರೋವಾಗ್ಲೇ ತರಬೇಕು. ಆಮೇಲೆ ಇಪ್ಪತ್ತು ವರ್ಷ ಕಾಯಬೇಕು."

"ಯಾವುದು ಚೆನ್ನಾಗಿರೋದು ಅಪ್ಪಾ?"

"ನೆಲ ಕೇಳು. ಜನಾನ್ನ ಕೇಳಬೇಡ," ಅಂದಿದ್ದ ವೆರ್ನೆರಿ.

ಆ ಮಾತನ್ನು ಸೈಮಿ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ಕಟ್ಟಾಜ್ಞೆಯಂತೆ ಪಾಲಿಸಿದಳು. ಜೇಡಿಯ ತಗ್ಗಿನಲ್ಲಿ ಬರ್ಚ್, ಮರಳುದಿಬ್ಬದ ಮೇಲೆ ಪೈನ್. ಎದುರಾಡಿದವರಿಗೆ ಹಿಡಿ ಮಣ್ಣು ತೆಗೆದು ಅವರ ಅಂಗೈಯಲ್ಲೇ ಹಿಸುಕಿ ತೋರಿಸುತ್ತಿದ್ದಳು. ಹೋಬಳಿಯ ಗಂಡಸರು ಅವಳ ಹಿಂದೆ "ತೋಟದ ಪಾದ್ರಿ ಬಂದಳು" ಅನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಹೋಮನೆನ್ ದಂಪತಿಯ ಅಂಗಳಕ್ಕೆ ಅವಳು ಹೋದದ್ದು ನಲವತ್ತೆಂಟರ ಮೇ ತಿಂಗಳಲ್ಲಿ. ಲಡೋಗ ಸರೋವರದ ಆಚೆ ದಂಡೆಯಿಂದ ಬಂದ ಕರೇಲಿಯದವರು. ಗಂಡ ಮೀಹ್ಕಲಿಗೆ ಐವತ್ತನಾಲ್ಕು, ಮೀನುಗಾರನಾಗಿದ್ದವನು. ಈಗ ನೀರೇ ಕಾಣದ ಕಡೆ ಬೊಡ್ಡೆ ಕೀಳುತ್ತಿದ್ದ. ಹೆಂಡತಿ ಮೌರಾ ಅವನಿಗಿಂತ ಎಂಟು ವರ್ಷ ಚಿಕ್ಕವಳು, ಗಿಡ್ಡ, ಮಾತುಗಾತಿ. ಅವನ ಮುದಿತಾಯಿ ಬಿಸಿಲಿಗೆ ಬೆನ್ನುಕೊಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ಇಬ್ಬರು ಹೆಣ್ಣುಮಕ್ಕಳು ಹೊಲದಲ್ಲಿದ್ದರು. ಅವರ ಮಾತಿನ ಧಾಟಿ ಬೇರೆ. ಊರಿನವರು ಅದನ್ನು ಅಣಕಿಸುತ್ತಿದ್ದರು. ಸೈಮಿಯೂ ಬಂದ ಹೊಸತರಲ್ಲಿ ಒಂದೆರಡು ಸಲ ನಕ್ಕಿದ್ದಳು. ಮುಂದೆ ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು.

"ಬರ್ಚ್ ಹಚ್ಚೋಣ ತಂಗಿ," ಅಂದಳು ಮೌರಾ, ಸೈಮಿ ನಕ್ಷೆ ಬಿಚ್ಚುತ್ತಿದ್ದಂತೆ. "ಬಾಗಿಲ ಮುಂದ ಬೆಳ್ಳಗ ಒಂದು ಗಿಡ ಇರ್ಲಿ. ಬೆಳಕ ಇರತೈತಿ. ಸೌನಾದ ಬಿಸಿ ಹಬ್ಯಾಗ ಮೈಗೆ ಬಡಕೊಳ್ಳಾಕ ಎಲೆಕಟ್ಟೂ ಸಿಗತೈತಿ. ಎಲೆಕಟ್ಟಿಲ್ದ ಮೈ ತೊಳದ್ರ ಅದೇನ್ ಸ್ನಾನ."

"ಎಂತಾ ಗಿಡಾನೂ ಬ್ಯಾಡ," ಅಂದ ಮೀಹ್ಕಲಿ. ಬೊಡ್ಡೆಯ ಸಂದಿಯಲ್ಲಿ ಹಾರೆ ಇಟ್ಟವನು ತಲೆಯೆತ್ತಲಿಲ್ಲ.

"ಯಾಕೆ ಬೇಡ?" ಸೈಮಿ ಕೇಳಿದಳು. "ಅಂಗಳದಲ್ಲೊಂದು ಮರ ಇಲ್ಲದೆ ಹೇಗೆ? ಗಾಳಿ ನೇರ ಬಾಗಿಲಿಗೆ ಹೊಡೆಯತ್ತೆ."

"ಹೊಡೀಲಿ ಬಿಡ್ರಿ ಅಕ್ಕಾರ. ನಾವು ತಿರುಗಿ ಹೋಗೋ ಮಂದಿ. ಬಾಡಿಗಿ ಮನ್ಯಾಗ ಯಾರರ ಗಿಡ ಹಚ್ಚತಾರೇನು?"

"ಬಾಡಿಗೆ ಮನೆ ಅಲ್ಲ ಇದು. ನಿಮ್ಮ ಹೆಸರಿಗೇ ಆಗಿದೆ. ಕಾಗದ ಇದೆ ನನ್ನ ಹತ್ರ," ಅಂದಳು ಸೈಮಿ. ಅವನಿಗೆ ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಮೀಹ್ಕಲಿ ಹಾರೆಯನ್ನು ಅಲ್ಲೇ ಬಿಟ್ಟು ಕೊಟ್ಟಿಗೆಯ ಹಿಂದೆ ಹೋದ. ಮೆಟ್ಟಿಲ ಮೇಲಿನ ಮುದುಕಿ ಅವನು ಹೋದ ದಿಕ್ಕನ್ನೇ ನೋಡಿದಳು.

ಮೌರಾ ಸೈಮಿಯನ್ನು ಬಾವಿಯ ಕಡೆ ಕರೆದೊಯ್ದಳು. "ಸಿಟ್ಟಾಗಬ್ಯಾಡ ತಂಗಿ. ನಮ್ಮ ಅಂಗಳದಾಗ ಪೈನ್ ಇತ್ತು. ಇಬ್ಬರು ತಬ್ಬಿದ್ರೂ ತಬ್ಬಾಕ ಬರ್ತಿದ್ದಿಲ್ಲ. ಅವರ ಮುತ್ತಜ್ಜ ಹಚ್ಚಿದ್ದಂತ. ದೋಣಿ ತಗೊಂಡು ನಡುನೀರಿಗೆ ಹೋದಾಗ ಈತ ಅದನ್ನ ನೋಡೇ ಮನಿ ಗುರುತು ಹಿಡೀತಿದ್ದ. ಬಿಟ್ಟು ಬರೋ ದಿವಸ ಗಾಡಿ ಹೊಂಟಿತ್ತು, ಈತ ಗಿಡದ ಬುಡದಾಗ ಕುಂತು ಬೂಟು ಬಿಚ್ಚಿ ಮತ್ತ ಕಟ್ಟಿಕೋತ ಕುಂತ. ಬಿಚ್ಚತಾನ, ಕಟ್ಟತಾನ. ನಾನ ಹೋಗಿ ಎಬ್ಬಿಸಿದೆ."

"ಹಾಗಾದ್ರೆ ಪೈನೇ ಹಾಕೋಣ್ವಾ?" ಅಂದಳು ಸೈಮಿ. ನೆಲ ಜೇಡಿಯಾಗಿದ್ದರೂ ಅಂದಳು.

"ಪೈನ್ ಹಚ್ಚಿದ್ರ ಆತು, ಇಲ್ಲೇ ಸಾಯೋದು ಅಂತ ಒಪ್ಪಿಕೊಂಡಂಗ. ಆತಗ ಆಗೂದಿಲ್ಲ ಅದು. ಬರ್ಚ್ ಆದ್ರ ಏನು, ಹತ್ತು ವರ್ಷದಾಗ ಬೆಳೀತೈತಿ, ಹೊಂಟ್ರ ಕಡದು ಕಟಗಿ ಮಾಡೂದು. ನಾ ಆತಗ ಹಂಗ ಹೇಳ್ತೀನಿ." ಮೌರಾ ಬಕೀಟು ಎತ್ತಿಕೊಂಡಳು. "ನಾವು ಎಲ್ಲಿಗೂ ಹೋಗೂದಿಲ್ಲ ಅಂತ ನನಗ ಗೊತ್ತೈತಿ."

ಬರ್ಚ್ ನೆಟ್ಟರು. ಮೌರಾಳ ಎದೆಯೆತ್ತರದ ಸಸಿ, ಹಳ್ಳದ ಬದಿಯಿಂದ ತಂದದ್ದು. ಗೋಡೆಯಿಂದ ಆರು ಮೀಟರ್ ಅಂತ ಸೈಮಿ ಹಗ್ಗ ಹಿಡಿದು ಅಳೆದಳು. ಮೌರಾ ಮಾತಾಡುತ್ತಾ ಆಡುತ್ತಾ ಗುಂಡಿಯನ್ನು ನಾಲ್ಕು ಮೀಟರಿಗೇ ತೋಡಿಬಿಟ್ಟಿದ್ದಳು, ಅಡುಗೆಮನೆ ಕಿಟಕಿಯಿಂದ ಕಾಣಲಿ ಎಂದು. ಸೈಮಿ ಗದರಿದಳು. ಗುಂಡಿ ಅಲ್ಲೇ ಉಳಿಯಿತು.

ಮರುವರ್ಷ ಫೆಬ್ರುವರಿಯಲ್ಲಿ ಮುದುಕಿ ತೀರಿಕೊಂಡಳು. ಅವಳನ್ನು ಪರವೂರಿನ ಸ್ಮಶಾನದಲ್ಲಿ, ಯಾರ ಬಂಧುಗಳೂ ಇಲ್ಲದ ಸಾಲಿನಲ್ಲಿ ಮಲಗಿಸಿದರು. ಸೈಮಿಗೆ ಸುದ್ದಿ ತಿಳಿದದ್ದು ಹಿಮ ಕರಗಿದ ಮೇಲೆ. ಜೂನ್ ಮೊದಲ ವಾರ ಮೀಹ್ಕಲಿ ಹದಿನಾಲ್ಕು ಕಿಲೋಮೀಟರ್ ನಡೆದು ಹಾಲಿನ ಡೈರಿಗೆ ಬಂದ. ಡೈರಿಯ ಮಹಡಿ ಮೇಲೆ ಸೈಮಿಯ ಬಾಡಿಗೆ ಕೋಣೆ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಪೈನ್ ಹಚ್ಚಬೇಕ್ರಿ ಅಕ್ಕಾರ. ಅಂಗಳದಾಗ."

ಸೈಮಿ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟಳು. "ಒಳ್ಳೇದು. ಸೆಪ್ಟೆಂಬರ್‌ನಲ್ಲಿ ಮೊಣಕಾಲುದ್ದದ್ದು ಒಂದು ಹುಡುಕೋಣ."

"ಅಷ್ಟು ಸಣ್ಣದು ಬ್ಯಾಡ್ರಿ. ಐವತ್ತೈದಾತು ನನಗ. ಗಿಡ ಆಗಿದ್ದು ನೋಡಬೇಕು ನಾನು. ನನ್ನಷ್ಟೆತ್ತರದ್ದು ನೋಡಿಟ್ಟೀನಿ, ದಿಬ್ಬದ ಮ್ಯಾಲ. ಈಗ ತರೋಣ."

ಜೂನ್ ತಿಂಗಳು ಪೈನ್ ಚಿಗುರಿ ಕಡ್ಡಿಯಂತೆ ಮೇಲೇಳುವ ಕಾಲ. ಆಗ ಕಿತ್ತರೆ ಉಳಿಯುವುದಿಲ್ಲ. ಆಳೆತ್ತರದ್ದಂತೂ ಯಾವ ಕಾಲದಲ್ಲಿ ಕಿತ್ತರೂ ಉಳಿಯುವುದು ಕಷ್ಟ. ಇದು ಸೈಮಿಗೆ ಹತ್ತು ವರ್ಷದವಳಿದ್ದಾಗಿನಿಂದ ಗೊತ್ತು. ಅವಳು ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಅವನು ಅಷ್ಟು ದೂರ ನಡೆದು ಬಂದಿದ್ದ, ಬೂಟು ತುಂಬ ಧೂಳು. ಅವಳು ಸನಿಕೆ ತೆಗೆದುಕೊಂಡು ಅವನ ಜೊತೆ ಹೊರಟಳು.

ಇಬ್ಬರೂ ಸೇರಿ ಕಿತ್ತರು. ತಾಯಿಬೇರು ತುಂಡಾದದ್ದು ಸೈಮಿಯ ಕೈಗೆ ತಿಳಿಯಿತು; ಅವನಿಗೆ ಹೇಳಲಿಲ್ಲ. ಗೋಣಿಯಲ್ಲಿ ಸುತ್ತಿ ತಂದು ನೆಟ್ಟು, ಮೂರು ಗೂಟ ಕಟ್ಟಿ, ನೀರು ಸುರಿದರು. ಮೀಹ್ಕಲಿ ಅಂದು ಸೈಮಿಗೆ ಕಾಫಿ ಕೊಟ್ಟ, ಮೀನು ಹಿಡಿಯುವ ಕಾಲದ ಒಂದು ತಮಾಷೆಯ ಕಥೆಯನ್ನೂ ಹೇಳಿದ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಜುಲೈಯಲ್ಲಿ ಸೂಜಿಯೆಲೆಗಳು ಬೂದುಬಣ್ಣಕ್ಕೆ ತಿರುಗಿದವು, ಆಗಸ್ಟ್‌ನಲ್ಲಿ ಕೆಂಪಗೆ ತುಕ್ಕು ಹಿಡಿದಂತಾದವು. ಸೈಮಿ ಆ ದಾರಿಯಲ್ಲಿ ಹೋಗುವುದನ್ನು ಎರಡು ವಾರ ತಪ್ಪಿಸಿದಳು. ಕೊನೆಗೆ ಹೋದಾಗ ಮೀಹ್ಕಲಿ ಸತ್ತ ಗಿಡಕ್ಕೆ ನೀರು ಹಾಕುತ್ತಿದ್ದ.

"ಅದು ಹೋಗಿದೆ ಮೀಹ್ಕಲಿ," ಅಂದಳು. "ನನಗೆ ಅವತ್ತೇ ಗೊತ್ತಿತ್ತು. ಹೇಳಬೇಕಿತ್ತು ನಾನು, ಹೇಳಲಿಲ್ಲ. ನನ್ನ ತಪ್ಪು."

ಅವನು ಬಕೀಟು ಕೆಳಗಿಟ್ಟ. "ನನಗೂ ಗೊತ್ತಿತ್ರಿ. ಮೀನು ಹಿಡಿಯೋನಾದ್ರೂ ಕಾಡು ಬಲ್ಲವ ನಾನು." ಒಣಗಿದ ಕೊಂಬೆಯನ್ನು ಬೆರಳಲ್ಲಿ ಮುಟ್ಟಿ ಅಂದ, "ಅಂತಾದ್ದೊಂದು ಬದಕಿದ್ರೂ ಬದಕೀತು ಅಂತ."

"ಸರಿಯಾದ ದಾರಿ ಒಂದಿದೆ. ಮೂರು ವರ್ಷ ಹಿಡಿಯತ್ತೆ. ಕಾಯ್ತೀರಾ?"

"ಮೂರು ವರ್ಷದಾಗ ನಾವು ಇಲ್ಲಿ ಇರ್ತೀವೋ ಇಲ್ಲೋ."

"ಇರ್ತೀವಿ," ಅಂದಳು ಮೌರಾ ಅಡುಗೆಮನೆಯ ಕಿಟಕಿಯಿಂದ. "ಹೂಂ ಅನ್ನು, ನೀರಿನ ಬಕೀಟು ತಗೊಂಡು ಬಾ ಒಳಗ."

ದಿಬ್ಬದ ಮೇಲೆ ಸೈಮಿಯೇ ಒಂದು ಗಿಡ ಆರಿಸಿದಳು. ಎದೆಯೆತ್ತರದ್ದು, ಎಲ್ಲ ಕಡೆ ಬಿಸಿಲು ಬೀಳುವ ಜಾಗದಲ್ಲಿ ಒಂಟಿಯಾಗಿ ನಿಂತದ್ದು. ಅದರ ಉತ್ತರದ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿದಳು, ಮುಂದೆ ಅದೇ ದಿಕ್ಕಿಗೆ ನಿಲ್ಲಿಸಬೇಕೆಂದು. ಐವತ್ತನೆಯ ಇಸವಿಯ ವಸಂತದಲ್ಲಿ ಬುಡದ ಸುತ್ತ ಅರ್ಧ ವೃತ್ತ ಕಾಲುವೆ ತೋಡಿ ಆ ಕಡೆಯ ಬೇರು ಕತ್ತರಿಸಿ, ಸಡಿಲ ಮಣ್ಣು ತುಂಬಿದರು, ಒಳಗೆ ಎಳೆಬೇರು ಕಟ್ಟಿಕೊಳ್ಳಲೆಂದು. ಮರುವರ್ಷ ಉಳಿದ ಅರ್ಧ. ಆ ಶರತ್ಕಾಲದಲ್ಲಿ ಅಂಗಳದ ಜೇಡಿಯ ಮೇಲೆ ಮೀಹ್ಕಲಿ ಎಂಟು ಗಾಡಿ ಮರಳು ತಂದು ದಿಬ್ಬ ಮಾಡಿದ, ಅದರೊಳಗೆ ಗುಂಡಿ ತೆಗೆದು, ಹೆಪ್ಪುಗಟ್ಟದಿರಲೆಂದು ಒಣಹುಲ್ಲು ತುಂಬಿಟ್ಟ. ಅಷ್ಟು ಹೊತ್ತಿಗೆ ಮೌರಾಳ ಬರ್ಚ್ ಕಿಟಕಿಯ ಮೇಲ್ಗಟ್ಟು ಮುಟ್ಟಿತ್ತು.

"ನಿನ್ನ ಗಿಡ ಇನ್ನ ದಾರ್ಯಾಗ ಐತಿ ಹೌದಿಲ್ಲೋ?" ಅಂತ ಅವಳು ದಿನಕ್ಕೊಂದು ಸಲ ಗಂಡನನ್ನು ಚುಚ್ಚುತ್ತಿದ್ದಳು. "ನಡಕೋತ ಬರಾಕತ್ತೈತೇನು?"

ಐವತ್ತೆರಡರ ಮಾರ್ಚ್. ಮೈನಸ್ ಹದಿನೈದು. ಬೇರಿನ ಮುದ್ದೆ ಮಣ್ಣಿನ ಸಮೇತ ಕಲ್ಲಾಗಿತ್ತು. ಊರಿನ ನಾಲ್ವರು ಗಂಡಸರು ಕರೆಯದಿದ್ದರೂ ಬಂದರು. ಅವರಲ್ಲಿ ಇಬ್ಬರು ಕರೇಲಿಯದವರ ಮಾತನ್ನು ಅಣಕಿಸುತ್ತಿದ್ದವರೇ. ಹಾರೆ ಮೀಟಿ, ಮರದ ದಿಮ್ಮಿಗಳ ಮೇಲೆ ಉರುಳಿಸಿ, ಹಿಮಗಾಡಿಗೆ ಏರಿಸಿದರು. ಕುದುರೆ ಎರಡು ಸಲ ನಿಂತು ಹಿಂದಿರುಗಿ ನೋಡಿತು. ಅಂಗಳಕ್ಕೆ ಬಂದಾಗ ಸೈಮಿ ಕೆಂಪು ಬಟ್ಟೆ ನೋಡಿ "ಇನ್ನೂ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಅಂತ ತಿರುಗಿಸಿದಳು. ಮೌರಾ ಬಿಸಿ ಬಿಸಿ ಪಿರಾಕ್ಕಾ ತಂದಳು, ರೈ ಎನ್ನುವ ಧಾನ್ಯದ ಹಿಟ್ಟಿನ ದೊನ್ನೆಯಲ್ಲಿ ಅನ್ನದ ಗಂಜಿ ಇಟ್ಟು ಸುಟ್ಟದ್ದು. ಸಾವೊದ ಗಂಡಸರು ಅದನ್ನು ಮೊದಲು ಅನುಮಾನದಿಂದ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ತಲಾ ಆರಾರು ತಿಂದರು.

ಆ ಪೈನ್ ಬದುಕಿತು. ಎರಡು ಬೇಸಿಗೆ ಒಂದು ಇಂಚೂ ಏಳಲಿಲ್ಲ. ಮೂರನೆಯ ವಸಂತದಲ್ಲಿ ಬೆರಳುದ್ದದ ಮೂರು ಚಿಗುರು ಬಿಟ್ಟಿತು. ಮೀಹ್ಕಲಿ ಅದನ್ನು ಹೇಳಲು ಮತ್ತೆ ಹದಿನಾಲ್ಕು ಕಿಲೋಮೀಟರ್ ನಡೆದು ಬಂದ, ಸೈಮಿ ಕೋಣೆಯಲ್ಲಿರಲಿಲ್ಲ. ಡೈರಿಯವರ ಹತ್ತಿರ ಚೀಟಿ ಬಿಟ್ಟುಹೋಗಿದ್ದ: ಮೂರು ಬಂದಿದೆ.

ಆ ದಿನಗಳಲ್ಲಿ ಸೈಮಿಯ ಕೋಣೆಗೆ ಕಾಫಿಗೆಂದು ಬರುತ್ತಿದ್ದ ಇನ್ನೊಬ್ಬನಿದ್ದ. ತೌನೊ ರೈಸನೆನ್, ಅರಣ್ಯದ ಮೇಸ್ತ್ರಿ. ಆಗ ಅರಣ್ಯದವರಿಗೆ ಬರ್ಚ್ ಅಂದರೆ ಕಳೆ. ಕಾಡಿನಲ್ಲಿ ಬರ್ಚ್ ಕಂಡಲ್ಲಿ ತೊಗಟೆ ಸುಲಿದು ಕೊಲ್ಲಿಸುತ್ತಿದ್ದರು, ಪೈನಿಗೆ ಜಾಗವಾಗಲಿ ಎಂದು.

"ನೀನು ಊರಿನೋರ ಅಂಗಳದಲ್ಲಿ ಕಳೆ ನೆಡ್ತಾ ಹೋಗು, ನಾನು ಕೀಳ್ತಾ ಬರ್ತೀನಿ," ಅನ್ನುತ್ತಿದ್ದ ತೌನೊ.

"ಪೈನ್ ಕೆಳಗೆ ಹೆಂಗಸರು ಬಟ್ಟೆ ಒಣಗಿಸಿದ್ರೆ ಅಂಟು ಮೆತ್ಕೊಳತ್ತೆ. ನೀನು ಬಂದು ಒಗೀತೀಯಾ?"

"ಮದುವೆ ಆದ್ರೆ ಒಗೀತೀನಿ," ಅಂದ ಒಂದು ಏಪ್ರಿಲ್ ಸಂಜೆ, ಸಕ್ಕರೆಯ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ.

ಸೈಮಿ ನಕ್ಕಳು. ಈ ವಸಂತ ಐವತ್ತೆರಡು ಅಂಗಳ ಇದೆ, ಮುಗಿಯಲಿ, ಆಮೇಲೆ ಮಾತಾಡೋಣ ಅಂದಳು. ಅವಳು ಅದನ್ನು ನಿಜವಾಗಿಯೇ ಹೇಳಿದ್ದಳು. ಅಂಗಳಗಳು ಮುಗಿದದ್ದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ತೌನೊಗೆ ಉತ್ತರದ ಕಡೆ ವರ್ಗವಾಗಿತ್ತು. ಮರುವರ್ಷ ಅಲ್ಲಿಯ ಶಾಲೆಯ ಟೀಚರನ್ನು ಮದುವೆಯಾದ ಸುದ್ದಿ ಬಂತು. ಸೈಮಿ ಒಂದು ಅಭಿನಂದನೆಯ ಕಾರ್ಡು ಆರಿಸಿ ಕಳಿಸಿದಳು. ಆ ದಿನವಿಡೀ ಮೇಜಿನ ಮೇಲಿನ ನಕ್ಷೆಯಲ್ಲಿ ಒಂದು ಗೆರೆಯೂ ಎಳೆಯಲಾಗಲಿಲ್ಲ. ಮುಂದೆ ಯಾರಾದರೂ ಮದುವೆಯ ಮಾತೆತ್ತಿದರೆ, ತಾನು ಪೈನ್ ಜಾತಿ, ಸಣ್ಣವಳಿದ್ದಾಗಲೇ ಕೀಳಬೇಕಿತ್ತು ಅಂತ ತಮಾಷೆ ಮಾಡುತ್ತಿದ್ದಳು. ಅವಳ ಜೊತೆ ನಗುತ್ತಿದ್ದವರಿಗೆ ಇದರ ಹಿಂದಿನದು ಗೊತ್ತಿರಲಿಲ್ಲ.

ಹೋಮನೆನ್ ಅಂಗಳಕ್ಕೆ ಅವಳು ಪ್ರತಿ ವಸಂತ ಹೋಗುತ್ತಿದ್ದಳು, ಕೆಲಸವಿದ್ದರೂ ಇಲ್ಲದಿದ್ದರೂ. ಐವತ್ತಾರರ ಚಳಿಗಾಲದಲ್ಲಿ ಒಂದು ಎಲ್ಕ್, ಆ ನಾಡಿನ ಭಾರಿ ಜಿಂಕೆ, ಅಂಗಳಕ್ಕೇ ಬಂದು ಪೈನಿನ ತುದಿಯನ್ನು ಕಚ್ಚಿಕೊಂಡು ಹೋಯಿತು. ತುದಿ ಹೋದ ಪೈನ್ ಮೇಲೇಳದೆ ಪೊದೆಯಾಗುತ್ತದೆ. ಸೈಮಿ ಒಂದು ಪಕ್ಕದ ಕೊಂಬೆಯನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ, ಮುರಿದ ಕೈಗೆ ದಬ್ಬೆ ಕಟ್ಟುವಂತೆ ಕಡ್ಡಿ ಕೊಟ್ಟಳು. ಕಟ್ಟಲು ದಾರ ಹುಡುಕುವಾಗ ಮೀಹ್ಕಲಿ ತನ್ನ ಕೈಗವಸಿನ ಉಣ್ಣೆಯನ್ನೇ ಎಳೆದು ಬಿಚ್ಚಿಕೊಟ್ಟ. ಎರಡು ವರ್ಷದಲ್ಲಿ ಆ ಕೊಂಬೆಯೇ ತುದಿಯಾಯಿತು. ಕಾಂಡದಲ್ಲಿ ಮಾತ್ರ ತಲೆಯೆತ್ತರದಲ್ಲಿ ಒಂದು ಸೊಟ್ಟ ಉಳಿಯಿತು. ಮೀಹ್ಕಲಿ ಅಲ್ಲಿಗೆ ಟೋಪಿ ತೂಗುಹಾಕುತ್ತಿದ್ದ.

ಮೌರಾಳ ಬರ್ಚ್, ಹೇಳಿದ ಮಾತು ಕೇಳದ ಮಗಳಂತೆ ಬೆಳೆಯಿತು. ಹತ್ತು ವರ್ಷಕ್ಕೆ ಮಾಡು ದಾಟಿತು. ಅದರ ಬುಡದ ಕರಂಟ್ ಪೊದೆಗಳು ನೀರಿಲ್ಲದೆ ಸೊರಗಿದವು. ಆಗಸ್ಟ್‌ನಲ್ಲಿ ಬೀಜ ಉದುರಿ ಸೂರಿನ ದೋಣಿ ಕಟ್ಟಿಕೊಳ್ಳುತ್ತಿತ್ತು, ಅಕ್ಟೋಬರಿನಲ್ಲಿ ಒಂದು ವಾರ ಎಲೆ ಗುಡಿಸುವುದೇ ಕೆಲಸ. ಆದರೆ ಜೂನ್‌ನಲ್ಲಿ ಆ ಅಂಗಳಕ್ಕೆ ಕಾಲಿಟ್ಟರೆ ಸೈಮಿಯ ಬಾಯಿಗೆ ಬೈಗುಳ ಬರುತ್ತಿರಲಿಲ್ಲ. ಎಲೆಗಳ ಸಂದಿಯಿಂದ ಬಿದ್ದ ಬೆಳಕು ಮೆಟ್ಟಿಲ ಮೇಲೆ ಅಲುಗಾಡುತ್ತಿತ್ತು, ಮೌರಾ ಆ ಬೆಳಕಿನಲ್ಲಿ ಕೂತು ಮೀನು ಹೆರೆಯುತ್ತಿದ್ದಳು. ಸೌನಾದಿಂದ ಎಲೆಕಟ್ಟಿನ ಹಸಿ ವಾಸನೆ ಬರುತ್ತಿತ್ತು. ಹೋಬಳಿಯಲ್ಲಿ ತಾನು ನಕ್ಷೆ ಬರೆದ ಎಂಟುನೂರು ಅಂಗಳಗಳಲ್ಲಿ ಸೈಮಿಗೆ ಹೋಗಿ ಸುಮ್ಮನೆ ಕೂರಬೇಕೆನಿಸುತ್ತಿದ್ದದ್ದು ಇದೊಂದರಲ್ಲೇ.

ಒಂದೇ ತಕರಾರು. ಮೌರಾ ಪ್ರತಿ ಏಪ್ರಿಲ್ ಬರ್ಚಿಗೆ ತೂತು ಕೊರೆದು ರಸ ಇಳಿಸುತ್ತಿದ್ದಳು.

"ಒಂದು ವರ್ಷ ಬಿಟ್ಟು ಒಂದು ವರ್ಷ ಇಳಿಸು ಮೌರಾ. ಇಳಿಸಿದ ಮೇಲೆ ತೂತಿಗೆ ಬೆಣೆ ಹೊಡಿ. ಒಳಗೆ ನೀರು ಹೋದ್ರೆ ಕೊಳೆಯತ್ತೆ."

"ಹೊಡೀತೀನವಾ."

"ಹೋದ ವರ್ಷಾನೂ ಹೀಗೇ ಅಂದೆ. ನೋಡು, ಈ ತೂತು ಖಾಲಿ ಇದೆ."

"ಗಿಡ ನಂದು, ತೂತೂ ನಂದು," ಅಂದು ಮೌರಾ ಅವಳ ಕೈಗೆ ರಸದ ಲೋಟ ಕೊಡುತ್ತಿದ್ದಳು. ತಣ್ಣಗೆ, ಸಿಹಿಯೋ ಅಲ್ಲವೋ ಎನ್ನುವಷ್ಟು ಸಿಹಿ. ಸೈಮಿ ಬೈಯುತ್ತಲೇ ಕುಡಿಯುತ್ತಿದ್ದಳು.

ಮೀಹ್ಕಲಿ ಅರವತ್ತೊಂಬತ್ತರ ಶರತ್ಕಾಲದಲ್ಲಿ ತೀರಿಕೊಂಡ, ಎಪ್ಪತ್ತೈದನೆಯ ವಯಸ್ಸಿನಲ್ಲಿ. ಪೈನ್ ಆಗ ಮನೆಯ ಮಾಡಿನ ಎತ್ತರವಿತ್ತು. ಕೊನೆಯ ಬೇಸಿಗೆಯಲ್ಲಿ ಅವನು ಹೆಚ್ಚಿನ ಹೊತ್ತು ಅದರ ಕೆಳಗೆ ಕೂತಿರುತ್ತಿದ್ದ. ಒಂದು ದಿನ ಸೈಮಿ ಹೋಗಿ ಪಕ್ಕದಲ್ಲಿ ಕೂತಾಗ, "ಗಾಳಿ ಬಂದಾಗ ಸಪ್ಪಳ ಕೇಳ್ರಿ," ಅಂದ. "ನೀರಿನ ದಂಡ್ಯಾಗ ಕುಂತಂಗ ಆಗತೈತಿ." ಇಬ್ಬರೂ ಬಹಳ ಹೊತ್ತು ಕೇಳಿದರು. ಗಾಳಿ ಜೋರಾಗಿರಲಿಲ್ಲ, ಆದರೂ ಸಪ್ಪಳವಿತ್ತು.

ಸೈಮಿ ನಿವೃತ್ತಳಾದದ್ದು ಎಂಬತ್ತೊಂದರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಮೌರಾ ಫೋನ್ ಮಾಡಿದಳು. ಬರ್ಚ್ ಕಡಿಯಬೇಕಂತೆ. ಒಳಗೆಲ್ಲ ಟೊಳ್ಳಾಗಿ, ಮನೆಯ ಕಡೆ ವಾಲಿದೆಯಂತೆ. ಚಿಕ್ಕ ಮಗಳು ಅಳಿಯ ಈಗ ಆ ಮನೆಯಲ್ಲಿದ್ದರು. ಅಳಿಯ ಗರಗಸ ತಂದಿದ್ದ. "ನೀ ಬಂದು ನಿಂತಕೋ. ಗಿಡ ಹಚ್ಚುವಾಗ ಇದ್ದಾಕಿ ನೀ ಒಬ್ಬಾಕೀನ."

ಬರ್ಚ್ ಬಿದ್ದಾಗ ಹಿಮದ ಹುಡಿ ಎದ್ದು ಅಡಗಿ, ಅಂಗಳದಲ್ಲಿ ಒಮ್ಮೆಲೇ ಆಕಾಶ ಜಾಸ್ತಿಯಾಯಿತು. ಮೌರಾ ಬೊಡ್ಡೆಯ ಹತ್ತಿರ ಹೋಗಿ ಕೋಲಿನಿಂದ ಒಳಗಿನ ಕಂದು ಹುಡಿಯನ್ನು ಕೆದಕಿದಳು. ಎಪ್ಪತ್ತೊಂಬತ್ತಾಗಿತ್ತು ಅವಳಿಗೆ.

"ನನ್ನ ತೂತೇನು?" ಕೇಳಿದಳು.

"ನಿನ್ನ ತೂತೇ," ಅಂದಳು ಸೈಮಿ.

"ಚಲೋ ಆತು ಬಿಡು. ಮೂವತ್ತು ವರ್ಷ ಕುಡದೀನಿ." ಪೈನಿನ ಕಡೆ ನೋಡಿದಳು. "ಇದನ್ನ ನಾ ಇದ್ದಾಗ ಯಾರೂ ಮುಟ್ಟಂಗಿಲ್ಲ. ನಾ ಹೋದ ಮ್ಯಾಲೂ ಮುಟ್ಟಂಗಿಲ್ಲ." ಅಳಿಯ ಕೇಳಿಸಿಕೊಳ್ಳಲಿ ಎಂದು ಇನ್ನೊಮ್ಮೆ ಅಂದಳು. ಆಮೇಲೆ ಸೈಮಿಗೆ ಮಾತ್ರ: "ಆ ಸತ್ತ ಗಿಡ ತಂದನಲ್ಲ, ಅತ್ತಿ ಮಣ್ಣಾದ ವರ್ಷ. ಅವತ್ತ ನಾ ಒಲಿ ಮುಂದ ಕುಂತು ಅತ್ತೆ. ಇನ್ನ ತಿರುಗಿ ಹೋಗೂದಿಲ್ಲ ಅಂತ ಆತಗ ತಿಳೀತಲ್ಲ ಅಂತ. ತಿಳೀಲಿ ಅಂತ ನಾನ ಕಾಯ್ತಿದ್ದೆ, ತಿಳದ ಮ್ಯಾಲ ನನಗ ತಡಿಯಾಕ ಆಗಲಿಲ್ಲ."

ನಕ್ಷೆ ಬಿಚ್ಚಿ ಹಿಡಿದು, ಮನೆ ನಿಮ್ಮದೇ, ಕಾಗದ ಇದೆ ಅಂತ ಮೀಹ್ಕಲಿಗೆ ಹೇಳಿದ ಇಪ್ಪತ್ತೇಳರ ಹುಡುಗಿ ಸೈಮಿಯ ಕಣ್ಣ ಮುಂದೆ ಬಂದಳು.

ಆ ಬೇಸಿಗೆ ಸೈಮಿ ಡೈರಿಯ ಮಹಡಿ ಬಿಟ್ಟು ಪೇಟೆಯ ಅಂಚಿನ ಸಾಲುಮನೆಗೆ ಬಂದಳು. ಎರಡು ಕೋಣೆ, ಹಿಂದೆ ಬೇಲಿ ಹಾಕಿದ ಒಂದಿಷ್ಟು ನೆಲ, ಉದ್ದ ಎಂಟು ಹೆಜ್ಜೆ, ಅಗಲ ಐದು. ಅರವತ್ತು ವರ್ಷದಲ್ಲಿ ಅವಳದೆನ್ನುವ ಮೊದಲ ನೆಲ. ಅವಳು ಅದನ್ನು ಅಳೆದಳು, ಮಣ್ಣು ಹಿಸುಕಿದಳು, ಮೇಜಿನ ಮೇಲೆ ಕಾಗದ ಹರಡಿದಳು. ಇಂಥ ಅಂಗಳದವರಿಗೆ ಅವಳು ಯಾವಾಗಲೂ ಹೇಳುತ್ತಿದ್ದದ್ದು ಬರ್ಚೂ ಬೇಡ ಪೈನೂ ಬೇಡ, ಎರಡು ಕರಂಟ್ ಪೊದೆ ಹಾಕಿ ಅಂತ. ಹಾಗೇ ಬರೆದಳು. ಪೊದೆಗಳನ್ನೂ ತಂದು ನೆಟ್ಟಳು.

ಸೆಪ್ಟೆಂಬರಿನಲ್ಲಿ ಮೌರಾ ಬಸ್ಸಿಳಿದು ಬಂದಳು, ಕೈಯಲ್ಲಿ ಹಾಲಿನ ಡಬ್ಬಿ. ಡಬ್ಬಿಯಲ್ಲಿ ಗೇಣುದ್ದದ ಬರ್ಚ್ ಸಸಿ.

"ಮಾಡಿನ ದೋಣ್ಯಾಗ ಹುಟ್ಟಿತ್ತು. ಆ ಕಡದ ಮುದುಕಿ ಗಿಡದ ಮಗಳು. ಅಳಿಯ ತಗದು ಒಗ್ಯಾಕ ಹೊಂಟಿದ್ದ."

"ಇಲ್ಲಿ ಜಾಗ ಎಲ್ಲಿದೆ ಮೌರಾ? ಆರು ಮೀಟರ್ ಬೇಕು."

"ನಂದು ನಾಲ್ಕು ಮೀಟರ್ ಇತ್ತು."

"ಅದಕ್ಕೇ ಕಡಿಯೋ ಹಾಗಾಯ್ತು."

"ಕಡದ್ವಿ. ಏನಾತು?" ಮೌರಾ ಬೆಂಚಿನ ಮೇಲೆ ಕೂತು ಬೂಟು ಸಡಿಲಿಸಿದಳು. "ಕಾಫಿ ಇಡು. ಹಚ್ಚಿದ ಮ್ಯಾಲ ಕುಡೀತೀನಿ."

ಗೋಡೆಯಿಂದ ಎರಡೂವರೆ ಮೀಟರ್. ಸೈಮಿ ಅಳೆಯಲಿಲ್ಲ, ಆದರೆ ಅವಳ ಕಣ್ಣು ಅಳೆದಿತ್ತು. ಮೌರಾ ಮುಂದೆ ಏಳು ವರ್ಷ ಬದುಕಿದ್ದಳು, ಆಗಾಗ ಬಸ್ಸಿನಲ್ಲಿ ಬಂದು ಅದು ಎಷ್ಟು ಬೆಳೆದಿದೆ ಎಂದು ನೋಡಿಹೋಗುತ್ತಿದ್ದಳು. ಸಾಲುಮನೆಗಳ ಸಂಘದವರು ಎರಡು ಪತ್ರ ಬರೆದರು, ನಿಯಮದ ಪ್ರಕಾರ ಇಷ್ಟು ಹತ್ತಿರ ಮರ ಇರುವಂತಿಲ್ಲ ಎಂದು. ನಿಯಮ ತನಗೆ ಚೆನ್ನಾಗಿ ಗೊತ್ತಿದೆ, ಅದನ್ನು ಬರೆದುಕೊಟ್ಟವರಲ್ಲಿ ತಾನೂ ಒಬ್ಬಳು ಅಂತ ಸೈಮಿ ಉತ್ತರ ಹಾಕಿದಳು. ಮೂರನೆಯ ಪತ್ರ ಬರಲಿಲ್ಲ.

ಮೌರಾ ತೀರಿಕೊಂಡ ಕೆಲವು ವರ್ಷಗಳ ಮೇಲೆ ಪಕ್ಕದ ಮನೆಗೆ ಲಾಹ್ಯಾ ಪುಸ್ತಿನೆನ್ ಎನ್ನುವ ವಿಧವೆ ಬಂದಳು, ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಅಚ್ಚುಕಟ್ಟಿನ ಹೆಂಗಸು. ಒಂದು ಆಗಸ್ಟಿನ ಬೆಳಿಗ್ಗೆ ಬೇಲಿಯ ಮೇಲಿಂದ ತನ್ನ ಕಾಫಿಯ ಬಟ್ಟಲನ್ನು ಚಾಚಿದಳು. ಕಾಫಿಯ ಮೇಲೆ ಚಿಟ್ಟೆಯಾಕಾರದ ಸಣ್ಣ ಸಣ್ಣ ಬೀಜ ತೇಲುತ್ತಿದ್ದವು.

"ಇದು ನಿಮ್ಮದು ಅನ್ಸುತ್ತೆ," ಅಂದಳು.

"ಹೌದು, ನಮ್ಮದೇ," ಅಂದಳು ಸೈಮಿ. "ಕೊಡಿ ಇಲ್ಲಿ, ಬೇರೆ ಕಾಫಿ ತರ್ತೀನಿ."

ಮರುದಿನ ಬೆಳಿಗ್ಗೆ ಏಳಕ್ಕೆ ಲಾಹ್ಯಾ ಬಾಗಿಲು ತೆರೆದಾಗ ಸೈಮಿ ಪೊರಕೆ ಹಿಡಿದು ಅವಳ ಮೆಟ್ಟಿಲು ಗುಡಿಸುತ್ತಿದ್ದಳು. ಅದರ ಮರುದಿನವೂ. ನಾಲ್ಕನೆಯ ದಿನ ಲಾಹ್ಯಾ ಎರಡು ಬಟ್ಟಲು ತಂದು ಮೆಟ್ಟಿಲ ಮೇಲಿಟ್ಟು, ಬಟ್ಟಲುಗಳ ಮೇಲೆ ಒಂದೊಂದು ತಟ್ಟೆ ಮುಚ್ಚಿದಳು. ಇಬ್ಬರೂ ಕೂತರು. ಲಾಹ್ಯಾ ತನ್ನ ಬರಿಯ ಅಂಗಳವನ್ನು ನೋಡುತ್ತಾ, ಇಲ್ಲಿ ಏನಾದರೂ ಹಾಕಬೇಕು ಅಂತಿದ್ದೀನಿ, ಏನು ಹಾಕಬಹುದು ಅಂದಳು.

"ಮೊದಲು ಕಾಫಿ ಕುಡಿಯಿರಿ," ಅಂದಳು ಸೈಮಿ. "ಅದು ಬೇಗ ಮುಗಿಯೋ ಮಾತಲ್ಲ."